ದೂರದ ದಾರೀಲಿ ಕೂಸ ಆಡ್ಸೋದು: ಗಾಡಿ ಕಾಲದಿಂದ ಕಾರಿನ ಕಾಲದವರಗ

ನಮ್ಮ ಕೊಳ್ಳೇಗಾಲಕ್ಕ ಇವತ್ತಿಗೂ ರೈಲು ಬಂದಿಲ್ಲ ಕನ್ರವ್ವ. ಪಕ್ಕದ ಚಾಮರಾಜನಗರಕ್ಕ 1926ರಲ್ಲೇ ರೈಲು ಬಂತು. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರು ಮ್ಯಾಲ ಹಾದು ಚಾಮರಾಜನಗರಕ್ಕ ಸೇರೋ ಹಳಿ 1996-97ರಲ್ಲೇ ಮಂಜೂರಾಗಿ, ಇನ್ನೂ ಕಾಗದದ ಮ್ಯಾಲೇ ಅದ. ಹಂಗಾಗಿ ನಮ್ಮ ಸೀಮೆ ಹೆಂಗಸ್ರು ಕೂಸ ಎತ್ಕಂಡು ಎಲ್ಲಿಗೆ ಹೊಂಟ್ರೂ ರೋಡೇ ಗತಿ. ರೈಲಲ್ಲಾದ್ರ ಕೂಸು ಆ ಕಡೆಯಿಂದ ಈ ಕಡೆಗ ನಾಕು ಹೆಜ್ಜೆ ನಡೀತದ. ಕಾರಲ್ಲಿ ಅದಕ್ಕ ಜಾಗ ಎಲ್ಲಿ?

ಈಗ ನಮ್ಮ ಹಟ್ಟಿಗಳಲ್ಲಿ ನಡಿಯೋ ದೊಡ್ಡ ವಾದ ಇದೇ. ಬೆಂಗಳೂರಿಂದ ಮಕ್ಕಳು ಕಾರಲ್ಲಿ ಬತ್ತವ್ರ. ಎರಡು ವರ್ಷದ ಕೂಸು ಅರ್ಧ ದಾರೀಲಿ ಅಳಕ್ಕ ಶುರು ಮಾಡ್ತದ. ಅಮ್ಮ ಮೊಬೈಲ್ ಕೊಡ್ತಳ, ಕೂಸು ಬಾಯಿ ಮುಚ್ಚತದ. ಅಜ್ಜಿ ಬೈತಳ. ಮಕ್ಕಳು ಕೇಳ್ತವ್ರ, "ನಿಮ್ಮ ಕಾಲದಲ್ಲಿ ನೀವೇನ್ ಮಾಡ್ತಿದ್ರಿ ಹೇಳವ್ವ" ಅಂತ. ಕೇಳೋದು ನ್ಯಾಯವೇ. ಆದ್ರಿಂದ ನಮ್ಮ ಅಜ್ಜಿ ಕಾಲದಿಂದ ಹಿಡಿದು ಈವರಗ, ಈ ಮೂರು ಊರ ಸುತ್ತಿನ ದಾರೀಲಿ ಐಕಳ ಹೆಂಗ್ ಕರ್ಕಂಡ್ ಹೋಯ್ತಿದ್ರು ಅನ್ನೋದ ಒಂದು ಕಡೆ ಬರೆದು ಮಡಗೋಣ ಅಂತ ಕೂತಿನಿ. ನನ್ನ ತವರು ಹನೂರು ಕಡೆ, ಕೊಟ್ಟಿದ್ದು ಕೊಳ್ಳೇಗಾಲಕ್ಕ, ನಮ್ಮಕ್ಕನ ಕೊಟ್ಟಿದ್ದು ಯಳಂದೂರಿಗ. ಈ ದಾರಿಯೆಲ್ಲ ನನಗ ಹಟ್ಟಿ ಪಡಸಾಲೆ ಇದ್ದಂಗ.

ಮೊದಲು ಒಂದು ಮಾತು ನೆಪ್ಪಲ್ಲಿ ಇಟ್ಕಳಿ. 1956ರ ನವೆಂಬರ್ 1ರವರಗ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗ ಸೇರಿತ್ತು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನ ಒಂದು ಊರು. ಯಳಂದೂರು ಮಾತ್ರ ಮೈಸೂರು ಮಹಾರಾಜರ ಸೀಮೆ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಕೊಟ್ಟ ಊರು ಅದು. ಅಂದ್ರ ನಮ್ಮಜ್ಜಿ ಕಾಲದಲ್ಲಿ ಕೊಳ್ಳೇಗಾಲದಿಂದ ಇಪ್ಪತ್ತು ಕಿಲೋಮೀಟರಿನೊಳಗಿನ ಯಳಂದೂರಿಗ ಹೋದ್ರ ಬೇರೆ ರಾಜ್ಯಕ್ಕೇ ಹೋದಂಗ. ಜಿಲ್ಲೆ ಕಚೇರಿ ಕೆಲಸ ಇದ್ದ ಗಂಡಸ್ರು ದಿಂಬಂ ಘಾಟಿಯ ಆಚೆ ಕೊಯಮತ್ತೂರಿಗ ಹೋಗ್ಬೇಕು. ಆ ಘಾಟೀಲಿ 27 ಹೇರ್‌ಪಿನ್ ತಿರುವು ಅವೆ. ಅಲ್ಲಿಗ ಹೆಂಗಸ್ರು ಐಕಳ ಕಟ್ಕಂಡು ಹೋಗ್ತಿದ್ದದ್ದು ಅಪರೂಪ. ಹೆಂಗಸ್ರ ಪ್ರಯಾಣ ಅಂದ್ರ ಮೂರೇ: ತವರು, ಜಾತ್ರೆ, ಕೂಸಿನ ಮುಡಿ.

ಮುಡಿ ಅಂದ್ರ ಮಾದಪ್ಪನ ಬೆಟ್ಟ. ಕೊಳ್ಳೇಗಾಲದಿಂದ ಹನೂರು ಸುಮಾರು 25 ಕಿಲೋಮೀಟರ್. ಅಲ್ಲಿಂದ ಕೌದಳ್ಳಿ, ತಾಳಬೆಟ್ಟ, ಆಮ್ಯಾಕ ಘಾಟಿ. ಒಟ್ಟು ಸುಮಾರು 80 ಕಿಲೋಮೀಟರ್. ಎತ್ತಿನ ಗಾಡಿ ಗಂಟೆಗ ಮೂರು ನಾಕು ಕಿಲೋಮೀಟರ್ ನಡೆದ್ರ ಹೆಚ್ಚು. ಎತ್ತಿಗೂ ಮೇವು ನೀರು ಆಗ್ಬೇಕು. ಲೆಕ್ಕ ಹಾಕಿ, ಎಷ್ಟು ಹಗಲು ಎಷ್ಟು ರಾತ್ರಿ ಆಯ್ತದ ಅಂತ.

ನಮ್ಮಜ್ಜಿ ಹೇಳ್ತಿದ್ದಂಗ, ಕಮಾನು ಗಾಡಿಗ ಮೊದಲು ಹುಲ್ಲು ದಪ್ಪಗ ಹಾಸಿ, ಅದರ ಮ್ಯಾಲ ಕಂಬ್ಳಿ, ಅದರ ಮ್ಯಾಲ ಹಳೇ ಸೀರೆ. ಕಮಾನಿಗ ಒಂದು ಸೀರೆ ಕಟ್ಟಿದ್ರ ಅದೇ ಕೂಸಿನ ಜೋಲಿ. ಗಾಡಿ ಅಲ್ಲಾಡ್ದಂಗೆಲ್ಲಾ ಜೋಲಿ ತಾನೇ ತೂಗ್ತದ, ಯಾರೂ ತೂಗೋದೇ ಬೇಡ. ಬಿಸ್ಲು ಏರೋಕ್ ಮುಂಚೆ ಗಾಡಿ ಹೊಂಟುಬುಡ್ತಿತ್ತು. ಮೊದಲ ಹೊತ್ತು ಕೂಸು ನಿದ್ದೇಲೇ ಇರೋದು. ಎಚ್ಚರ ಆದ ಮ್ಯಾಲ ಅದಕ್ಕ ನೋಡಾಕ ಎತ್ತಿನ ಬಾಲ ಅದ, ಕೇಳಾಕ ಕೊರಳ ಗೆಜ್ಜೆ ಅದ. ಬೇಜಾರಾದ್ರ ಗಾಡಿಯಿಂದ ಇಳಿಸಿ ಕೈ ಹಿಡಿದು ನಡೆಸೋದು. ಗಾಡಿ ಎಲ್ಲಿ ಓಡೋಯ್ತದ? ಕೂಸಿನ ನಡಿಗೆಗೂ ಎತ್ತಿನ ನಡಿಗೆಗೂ ಅಂಥಾ ವ್ಯತ್ಯಾಸ ಇರ್ಲಿಲ್ಲ.

ಆಟದ ಸಾಮಾನು ಅಂತ ಯಾರೂ ದುಡ್ಡು ಕೊಟ್ಟು ತರ್ತಿರ್ಲಿಲ್ಲ. ಹುಲ್ಲು ಮಡಿಸಿ ಗಂಟು ಹಾಕಿದ್ರ ಗೊಂಬೆ. ಸೆರಗಿನ ತುದಿ ಗಂಟು ಹಾಕಿ ಬಿಚ್ಚೋದು ಒಂದಾಟ. ಅಜ್ಜಿ ಕೈ ಬಳೆ ಮೇಲಕ್ಕ ಏರ್ಸೋದು, ಕೆಳಕ್ಕ ಜಾರ್ಸೋದು ಇನ್ನೊಂದಾಟ. ದೊಡ್ಡ ಐಕಳಿಗ ಹುಣಸೆ ಬೀಜ. ಎಲ್ಲಾದಕ್ಕಿಂತ ದೊಡ್ಡ ಆಟ ಅಂದ್ರ ಗಾಡಿ ನಿಲ್ಲೋದು. ಬಾವಿ ಹತ್ರ ನಿಲ್ತಿತ್ತು, ಮಂಟಪದ ಹತ್ರ ನಿಲ್ತಿತ್ತು, ಆಲದ ಮರದ ನೆರಳಲ್ಲಿ ನಿಲ್ತಿತ್ತು. ಮೂರು ಕಲ್ಲಿಟ್ಟು ಒಲೆ ಹೂಡ್ತಿದ್ರು. ಕೂಸು ಮಣ್ಣಲ್ಲಿ ಹೊರಳಾಡಿ, ಹೊಟ್ಟೆಗ ತಿಂದು, ಮತ್ತ ಗಾಡಿ ಹತ್ತಿದ್ರ ಇನ್ನೊಂದು ಹೊತ್ತು ಸುಮ್ಮಗ ಇರ್ತಿತ್ತು. ಆ ಕಾಲದ ಗುಟ್ಟು ಅಂದ್ರ ಇದೇ ಅಂತ ನನಗನ್ನಿಸ್ತದ. ಕೂಸ ಗಾಡಿ ಒಳಗ ಆಡ್ಸಕ್ಕಿಂತ ಹೆಚ್ಚಾಗಿ ಗಾಡಿಯಿಂದ ಇಳಿಸಿ ಆಡಿಸ್ತಿದ್ರು.

ಇನ್ನೊಂದು ಆಸ್ತಿ ಅಂದ್ರ ಕತೆ. ನಮ್ಮ ಸೀಮೆಲಿ ದಾರಿಗೂ ಕತೆಗೂ ಗಂಟು ಬಿದ್ದದ. ಮಾದಪ್ಪನ ಕತೆಯ ಕಂಸಾಳೆಯವ್ರು ರಾತ್ರಿಯೆಲ್ಲಾ ಹಾಡ್ತಾರ. ಮಂಟೇಸ್ವಾಮಿ, ಸಿದ್ದಪ್ಪಾಜಿ ಕತೆಯ ನೀಲಗಾರರು ಹಾಡ್ತಾರ. ಅದ ಕೇಳಿ ಕೇಳಿ ನಮ್ಮಜ್ಜಿದಿರಿಗೆ ಕತೆ ಬಾಯಿಪಾಠ. ಚಿಕ್ಕಲ್ಲೂರು ಜಾತ್ರೆಗ ಗಾಡಿ ಕಟ್ಕಂಡು ಹೋಗಿ, ಐದು ದಿನ ಅಲ್ಲೇ ಬಿಡಾರ ಹೂಡಿ, ಪಂಕ್ತಿ ಊಟ ಉಂಡು ಬತ್ತಿದ್ದ ಕಾಲದಲ್ಲಿ, ಹೋಗೋ ದಾರಿಗ ಒಂದು ಕತೆ, ಬರೋ ದಾರಿಗ ಒಂದು ಕತೆ. ಬೆಟ್ಟದ ದಾರೀಲಂತೂ ಹೆಸರುಗಳೇ ಕತೆ. ಆನೆತಲೆದಿಂಬ ಅಂದ ಕೂಡಲೇ ಕೂಸು ಆನೆ ಎಲ್ಲಿ ಅಂತ ಹುಡುಕ್ತದ. ರಂಗಸ್ವಾಮಿ ಒಡ್ಡು ಅಂದ್ರ ಅದ್ಯಾವ ರಂಗಸ್ವಾಮಿ ಅಂತ ಕೇಳ್ತದ. ಮಾದಪ್ಪ ಹುಲಿ ಮ್ಯಾಲ ಕೂತು ಏಳು ಮಲೆ ತಿರುಗ್ದ ಅಂದ್ರ ಕಣ್ಣು ಅಗಲ ಮಾಡ್ಕಂಡು ಕಾಡ ನೋಡ್ತದ. ಪರಸೆಯವ್ರು ಉಘೇ ಅಂದ್ರ ಕೂಸೂ ತೊದ್ಲು ಮಾತಲ್ಲಿ ಉಘೇ ಅಂತದ. ಚಿತ್ರದ ಪುಸ್ತಕ ಇಲ್ಲದ ಕಾಲದಲ್ಲಿ ನಮ್ಮ ರೋಡೇ ಚಿತ್ರದ ಪುಸ್ತಕ.

ಯಳಂದೂರು ಕಡೆಗೂ ಅಷ್ಟೇ. ಊರೊಳಗ ಗೌರೀಶ್ವರನ ಗುಡಿ ಅದ. ಅದರ ಮುಂದಿನ ಬಾಗಿಲಿಗ ಬಳೆ ಮಂಟಪ ಅಂತಾರ, ಕಲ್ಲಲ್ಲೇ ಬಳೆ ಬಳೆಯಂಗ ಕೆತ್ತಿದ ಸರಪಳಿ ಅದರಲ್ಲಿ ಅದ. ನಮ್ಮಕ್ಕನ ಮಕ್ಕಳಿಗ ಅಲ್ಲಿ ನಿಲ್ಲಿಸಿ "ಗೌರಮ್ಮನ ಬಳೆ ನೋಡು" ಅಂತ ತೋರಿಸ್ದೇ ಮುಂದಕ್ಕ ಹೋಗ್ತಿರ್ಲಿಲ್ಲ. ಅಲ್ಲಿಂದ ಬಿಳಿಗಿರಿರಂಗನ ಬೆಟ್ಟಕ್ಕ ಹೋದ್ರ ರಂಗಪ್ಪನ ಚಪ್ಪಲಿ. ದೊಡ್ಡದಾಗಿ ಕಾಣೋ ಆ ಚರ್ಮದ ಚಪ್ಪಲೀಲಿ ತಲೆ ಮ್ಯಾಲ ತಟ್ಟಿಸ್ಕಳದೇ ಆಶೀರ್ವಾದ. ರಂಗಪ್ಪ ರಾತ್ರಿ ಕಾಡೆಲ್ಲಾ ತಿರುಗಿ ಚಪ್ಪಲಿ ಸವೆಸ್ತನ, ಅದಕ್ಕ ಹೊಸದ ಮಾಡಿ ಕೊಡ್ತಾರ ಅಂತ ಹೇಳಿದ್ರ, ಬೆಟ್ಟ ಹತ್ತೋವರಗ ಕೂಸು ಕಿಟಕೀಲಿ ರಂಗಪ್ಪನ್ನ ಹುಡುಕ್ತಾ ಕೂರ್ತದ. ಅಷ್ಟು ದೊಡ್ಡ ಹೆಜ್ಜೆಯವನು ಎಲ್ಲಿ ಕಾಣ್ತನೋ ಅಂತ.

ಆಮ್ಯಾಕ ಬಸ್ಸು ಬಂತು. ಮೈಸೂರು ಸರ್ಕಾರದ ಸಾರಿಗೆ ಇಲಾಖೆ ಶುರುವಾಗಿದ್ದು 1948ರಲ್ಲಿ, ಅದು ನಿಗಮ ಆಗಿದ್ದು 1961ರಲ್ಲಿ. ನಾನು ಕೂಸಾಗಿದ್ದದ್ದೂ, ನನ್ನ ಮಕ್ಕಳು ಕೂಸಾಗಿದ್ದದ್ದೂ ಬಸ್ಸಿನ ಕಾಲದಲ್ಲೇ. ಬಸ್ಸಲ್ಲಿ ನಿಲ್ಲು ಅಂದ ಕಡೆ ನಿಲ್ಲಲ್ಲ. ಜೋಲಿ ಕಟ್ಟಕ್ಕಾಗಲ್ಲ. ಗಾಡೀಲಿ ಇಲ್ಲದ ಒಂದು ಕಾಟ ಬಸ್ಸಲ್ಲಿ ಬಂತು, ಅದು ವಾಂತಿ. ನಿಂಬೆಹಣ್ಣು ಮೂಸ್ಸೋದು, ಕಿಟಕಿ ಪಕ್ಕ ಕೂರಿಸೋದು, ಹೊಟ್ಟೆ ತುಂಬ ಉಣ್ಣಿಸ್ದೇ ಹೊರಡಿಸೋದು ಇದೆಲ್ಲ ನಮ್ಮವ್ವದಿರು ಬಸ್ಸು ಹತ್ತಿ ಹತ್ತಿ ಕಲಿತ ಪಾಠ.

ಆದ್ರ ಬಸ್ಸಿಗೂ ಒಂದು ಒಳ್ಳೇದಿತ್ತು. ಬಸ್ಸಲ್ಲಿ ಜನ ಇದ್ರು. ಕೂಸು ಅತ್ರ ಪಕ್ಕದ ಸೀಟಿನ ಅಕ್ಕಯ್ಯ "ಬಾರವ್ವ ನನ್ನತ್ರ" ಅಂತ ಎತ್ಕಳ್ತಿದ್ಲು. ಮುಂದಿನ ಸೀಟಿನ ತಾತ ಟವಲಲ್ಲಿ ಮುಖ ಮುಚ್ಚಿ ತೆಗೆದು ಆಡಿಸ್ತಿದ್ದ. ಕಂಡಕ್ಟರು ಪೀಪಿ ಊದಿ ತೋರ್ಸೋನು. ಮಧುವನಹಳ್ಳಿ, ಕಾಮಗೆರೆ ಅಂತ ಊರೂರಿಗ ನಿಂತಾಗ ಕಡ್ಲೆಕಾಯಿ, ಸೀಬೆಹಣ್ಣು, ಸೌತೆಕಾಯಿ ಮಾರೋರು ಕಿಟಕಿಗ ಬತ್ತಿದ್ರು. ಹನೂರು ಬರೋ ಹೊತ್ತಿಗ ನನ್ನ ಮಗ ಆರು ಜನದ ಮಡಿಲು ಸುತ್ತಿರ್ತಿದ್ದ. ಬಸ್ಸಿಳಿದ ಮ್ಯಾಲ ಅವರ್ಯಾರೋ ನಾವ್ಯಾರೋ. ಆದ್ರೂ ಆ ಎರಡು ಗಂಟೆ ಕೂಸ ಸಾಕ್ದೋರು ಅವ್ರೇ.

ನಡುವೆ ಒಂದು ಕೆಟ್ಟ ಕಾಲ ಬಂತು. ಅದನ್ನ ಬರೀದೇ ನಮ್ಮ ದಾರಿ ಚರಿತ್ರೆ ಮುಗಿಯಲ್ಲ. ವೀರಪ್ಪನ್ ಕಾಲ. 1993ರ ಏಪ್ರಿಲಲ್ಲಿ ಪಾಲಾರ್ ಹತ್ರ ನೆಲಬಾಂಬು ಸಿಡಿಸಿ 22 ಜನರ ಕೊಂದ. 2000ನೇ ಇಸವೀಲಿ ಡಾ. ರಾಜ್‌ಕುಮಾರ್ ಅವರ ಗಾಜನೂರಿಂದ ಎತ್ಕಂಡೋಗಿ 108 ದಿನ ಕಾಡಲ್ಲಿ ಮಡಿಕಂಡ. 2002ರಲ್ಲಿ ಮಾಜಿ ಮಂತ್ರಿ ನಾಗಪ್ಪನವರ ನಮ್ಮ ಕಾಮಗೆರೆಯಿಂದಲೇ ಎತ್ಕಂಡೋದ, ಅವರು ಜೀವಂತ ಬರ್ಲಿಲ್ಲ. 2004ರ ಅಕ್ಟೋಬರಲ್ಲಿ ಅವನು ಸತ್ತ ಮ್ಯಾಲೇ ಈ ದಾರಿ ಉಸಿರು ಬುಟ್ಟದ್ದು. ಆ ವರ್ಷಗಳಲ್ಲಿ ಹೊತ್ತು ಮುಳುಗೋದ್ರೊಳಗ ಹಟ್ಟಿ ಸೇರ್ಬೇಕು ಅನ್ನೋದೊಂದೇ ಗ್ಯಾನ. ಮರದಡಿ ಬುತ್ತಿ ಬಿಚ್ಚೋದು ನಿಂತೋಯ್ತು. ಚೆಕ್‌ಪೋಸ್ಟಲ್ಲಿ ಬಂದೂಕಿನ ಪೊಲೀಸ್ರ ಕಂಡು ಐಕ ಅವ್ವನ ಸೆರಗೊಳಗ ಸೇರ್ಕಳವು. ಮೊದಲು ಗುಮ್ಮ ಬತ್ತನ ಅಂತಿದ್ದೋರು ಅವನ ಹೆಸರು ಹೇಳಿ ಕೂಸ ಸುಮ್ಮಗಿರಿಸ್ತಿದ್ರು. ಕಾಡು ತೋರ್ಸಿ ಮಾದಪ್ಪನ ಹುಲಿ ಕತೆ ಹೇಳ್ತಿದ್ದ ದಾರೀಲಿ, ಕಾಡ ನೋಡ್ಬೇಡ ಕಣ್ಣು ಮುಚ್ಕ ಅನ್ನೋ ಹಂಗಾಯ್ತು. ಹೆದರಿಸಿ ಸುಮ್ಮಗಿರಿಸಿದ ಕೂಸು ರಾತ್ರಿ ನಿದ್ದೇಲಿ ಬೆಚ್ತದ. ಅದ ನಾವೆಲ್ಲಾ ಕಣ್ಣಾರೆ ಕಂಡಿವಿ.

ಕಾರು ಅನ್ನೋದು ಮೊದಲು ಬಂದದ್ದು ಬಾಡಿಗೆ ಅಂಬಾಸಿಡರ್ ಆಗಿ. ಮದುವೆಗೋ ಮುಡಿಗೋ ಅಂತ ಹತ್ತು ಜನ ತುಂಬ್ಕಂಡು ಹೋಗೋದು. ಅದೂ ಒಂಥರ ಸಣ್ಣ ಬಸ್ಸೇ. 1983ರ ಕೊನೇಲಿ ಮಾರುತಿ 800 ಬಂತು, ಸಣ್ಣ ಸಂಸಾರ ಸಣ್ಣ ಕಾರು ಅನ್ನೋದು ಶುರುವಾಯ್ತು. ನಮ್ಮ ಬೀದಿಗಳಿಗ ಸ್ವಂತ ಕಾರು ಬರಾಕ ಇನ್ನೂ ಬಾಳ ವರ್ಷ ಹಿಡೀತು. ಈಗ ರೋಡೂ ಅಗಲ ಆಗದ. ಕಾರಿನ ಗಾಜು ಏರಿಸಿ ಏ.ಸಿ. ಹಾಕಿ ಹೊಂಟ್ರ ಕೊಳ್ಳೇಗಾಲದವರಗ ನಿಲ್ಲಿಸ್ದೇ ಬಂದ್ಬುಟ್ವಿ ಅಂತ ಹೇಳ್ಕಳದೇ ದೊಡ್ಡಸ್ತಿಕೆ.

ಇಲ್ಲಿ ಸ್ವಲ್ಪ ನಿಂತು ಯೋಚ್ನೆ ಮಾಡಿ. ಗಾಡೀಲಿ ಕೂಸಿಗ ನಾಕು ಇತ್ತು: ಇಳಿಯೋ ಜಾಗ, ನೋಡೋ ನೋಟ, ಎತ್ಕಳೋ ಜನ, ಹೇಳೋ ಕತೆ. ಬಸ್ಸಲ್ಲಿ ಇಳಿಯೋದು ಹೋಯ್ತು, ಮೂರು ಉಳೀತು. ಕಾರಲ್ಲಿ ಜನ ಹೋದ್ರು, ಗಾಜು ಏರ್ತು, ನಿಲ್ಲೋದು ನಿಂತೋಯ್ತು. ಉಳಿದ ಕತೆಯ ಜಾಗಕ್ಕ ಮೊಬೈಲ್ ಬಂತು. ಮೊಬೈಲ್ ಬಂದದ್ರಿಂದ ಕತೆ ಹೋಯ್ತು ಅಂತ ಸೊಸೆದಿರ ಬೈಯೋದು ಸುಲಭ. ಆದ್ರ ಮುಂದಿನ ಸೀಟಲ್ಲಿ ಇಬ್ರು, ಹಿಂದೆ ಕೂಸೊಂದೇ ಅಂದಾಗ ಆ ತಾಯಿ ಇನ್ನೇನ್ ಮಾಡ್ಬೇಕು? ಅದ ಕೇಳ್ಕಳ್ದೇ ಬೈದ್ರ ನ್ಯಾಯ ಅಲ್ಲ.

ಹಂಗಂತ ಹಳೇದೆಲ್ಲಾ ಚಿನ್ನ ಅಂತನೂ ನಾನು ಹೇಳಲ್ಲ. ಮೂರು ವಿಷಯ ಬುಡಲೇಬೇಕು.

ಒಂದು, ಮಡಿಲು. ಕಾರಲ್ಲಿ ಮುಂದಿನ ಸೀಟಲ್ಲಿ ಕೂಸ ಮಡಿಲಲ್ಲಿ ಕೂರಿಸ್ಕಳದು ಬೇಡ. ಗಾಡಿ ಗಂಟೆಗ ನಾಕು ಕಿಲೋಮೀಟರ್ ಹೋಗ್ತಿತ್ತು, ಕಾರು ಎಂಬತ್ತು ಹೋಯ್ತದ. ಗಕ್ಕನೆ ಬ್ರೇಕ್ ಹಾಕಿದ್ರ ಹತ್ತು ಕೆ.ಜಿ. ಕೂಸು ಕೈಯಿಂದ ಕಲ್ಲೆಸೆದಂಗ ಹಾರ್ತದ, ಎಂಥಾ ಗಟ್ಟಿ ಕೈಯಾದ್ರೂ ತಡೆಯಾಕಾಗಲ್ಲ. ಮುಂದಿನ ಏರ್‌ಬ್ಯಾಗ್ ಸಿಡಿದ್ರ ಅದೇ ಕೂಸಿಗ ಅಪಾಯ. 2019ರಲ್ಲಿ ಮೋಟಾರು ವಾಹನ ಕಾಯಿದೆ ತಿದ್ದುಪಡಿ ಆಗಿ, 14 ವರ್ಷದೊಳಗಿನ ಮಕ್ಕಳ ಬೆಲ್ಟೋ ಮಕ್ಕಳ ಸೀಟೋ ಹಾಕದೇ ಕರ್ಕಂಡೋದ್ರ 1000 ರೂಪಾಯಿ ದಂಡ ಅಂತ ಆಗದ. ನಮ್ಮ ಸೊಸೆ ಮಕ್ಕಳ ಸೀಟು ತಂದಾಗ ಬೀದಿಯೋರೆಲ್ಲಾ "ಅಜ್ಜಿ ಮಡಿಲು ಇರುವಾಗ ಕೂಸಿಗ ಕುರ್ಚಿ ಯಾಕವ್ವ" ಅಂತ ನಕ್ಕರು. ನಾನು ಸೊಸೆ ಕಡೆ ನಿಂತಿ. ಮಡಿಲು ಹಟ್ಟೀಲಿ ಎಲ್ಲೂ ಹೋಗಲ್ಲ.

ಎರಡು, ಹುರಿಗಡ್ಲೆ, ಕಡ್ಲೆಕಾಯಿ ಬೀಜ, ಇಡೀ ದ್ರಾಕ್ಷಿ. ಓಡೋ ಕಾರಲ್ಲಿ ಸಣ್ಣ ಕೂಸಿಗ ಇವು ಬೇಡ. ಕುಲುಕಾಟದಲ್ಲಿ ಗಂಟಲಿಗ ಸಿಕ್ಕಂಡ್ರ ಹಿಂದಿರೋರಿಗ ಗೊತ್ತೇ ಆಗಲ್ಲ. ಹುಣಸೆ ಬೀಜದ ಆಟವೂ ಅಷ್ಟೇ, ದೊಡ್ಡ ಐಕಳಿಗ ಹಟ್ಟೀಲಿ ಇರ್ಲಿ.

ಮೂರು, ಮಲಗಿಸೋ ಸಿರಪ್. ದಾರೀಲಿ ಕೂಸು ಮಲಗ್ಲಿ ಅಂತ ನೆಗಡಿ ಔಷಧಿ ಕುಡಿಸೋರು ಇವತ್ತಿಗೂ ಅವ್ರೆ. ಬ್ಯಾಡ ಕನ್ರವ್ವ. ನೆಗಡಿಗ ಕೊಡೋ ಒಂದು ಜಾತಿ ಕೂಡು ಔಷಧಿಯ 4 ವರ್ಷದೊಳಗಿನ ಮಕ್ಕಳಿಗ ಕೊಡಬಾರ್ದು ಅಂತ ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಲ್ಲಿ ಹೇಳವ್ರೆ. ಡಾಕ್ಟರ ಕೇಳ್ದೇ ಒಂದು ಹನಿಯೂ ಬೇಡ.

ಇನ್ನು ಹಳೇದ್ರಲ್ಲಿ ಉಳಿಸ್ಕಳೋದು. ವಿಶ್ವ ಆರೋಗ್ಯ ಸಂಸ್ಥೆಯವ್ರು 2019ರಲ್ಲಿ 5 ವರ್ಷದೊಳಗಿನ ಮಕ್ಕಳಿಗ ಅಂತ ಒಂದು ಸೂಚನೆ ಹೊರಡಿಸಿದ್ರು. ಕೂಸ ಒಂದೇ ಕಡೆ ಕಟ್ಟಿ ಒಂದು ಗಂಟೆಗಿಂತ ಹೆಚ್ಚು ಕೂರಿಸ್ಬೇಡಿ, ಒಂದು ವರ್ಷದ ಕೂಸಿಗ ಪರದೆ ಬೇಡ, ಎರಡು ವರ್ಷ ಆದ ಮ್ಯಾಲ ದಿನಕ್ಕ ಒಂದು ಗಂಟೆ ದಾಟ್ದಂಗ ಇರ್ಲಿ, ಕೂತಿರುವಾಗ ದೊಡ್ಡೋರು ಜೊತೇಲಿ ಕೂತು ಕತೆ ಹೇಳಿ, ಪುಸ್ತಕ ಓದಿ ಅಂತ. ನಮ್ಮಜ್ಜಿ ಗಾಡೀಲಿ ಮಾಡ್ತಿದ್ದದ್ದೇ ಅಲ್ವ ಇದು? ಗಂಟೆಗೊಂದು ಸಲ ಇಳಿಸೋದು, ಪಕ್ಕ ಕೂತು ಕತೆ ಹೇಳೋದು.

ಹೋದ ಸಲ ಮೊಮ್ಮಗಳ ಮುಡಿಗ ಬೆಂಗಳೂರಿಂದ ಬೆಟ್ಟಕ್ಕ ಹೋದಾಗ ನಾವು ಇದ ಲೆಕ್ಕ ಹಾಕೇ ಹೊಂಟ್ವಿ. ಇನ್ನೂರು ಕಿಲೋಮೀಟರ್ ಮೇಲಾಯ್ತದ ದಾರಿ. ಬೆಳಕು ಹರಿಯೋಕ್ ಮುಂಚೆ ಹೊಂಟ್ರ ಕನಕಪುರದವರಗ ಕೂಸು ನಿದ್ದೇಲಿ. ಅಲ್ಲಿ ಇಳಿದು ಇಡ್ಲಿ. ಮಳವಳ್ಳೀಲಿ ಹತ್ತು ನಿಮಿಷ ನಡೆಸೋದು. ಶಿವನಸಮುದ್ರದ ಹತ್ರ ಕಾವೇರಿ ತೋರ್ಸೋದು. ಅಲ್ಲಿ 19ನೇ ಶತಮಾನದ ಮೊದಲ ಭಾಗದಲ್ಲಿ ರಾಮಸ್ವಾಮಿ ಮುದಲಿಯಾರ್ ಕಟ್ಟಿಸಿದ ಕಲ್ಲು ಕಂಬದ ಹಳೇ ಸೇತುವೆ ಅದ, ನಮ್ಮಜ್ಜಿದಿರ ಗಾಡಿ ಮಳವಳ್ಳಿ ಕಡೆಗ ಹೊಳೆ ದಾಟ್ತಿದ್ದದ್ದು ಅದರ ಮ್ಯಾಲೇ. ಕೊಳ್ಳೇಗಾಲಕ್ಕ ಬಂದ್ರ ನಮ್ಮ ಹಟ್ಟಿ, ಉಂಡು ಮಲಗಿ ಮಾರನೇ ದಿನ ಮುಂದಕ್ಕ. ಹನೂರಲ್ಲಿ ನನ್ನ ತವರಿಗ ಒಂದು ತಲೆ ಹಾಕೋದು, ಕೌದಳ್ಳೀಲಿ ಒಂದು ಲೋಟ ಕಾಪಿ. ತಾಳಬೆಟ್ಟದಲ್ಲಿ ಕೈಕಾಲು ಆಡಿಸಿ ಘಾಟಿ ಹತ್ತೋದು. ಅಲ್ಲಿಂದ ಮ್ಯಾಲ ಕಾಡು, 2013ರಿಂದ ಅದು ವನ್ಯಜೀವಿ ಧಾಮ. ನಡುವೆ ಎಲ್ಲೂ ಇಳಿಯಾಕಿಲ್ಲ, ಕೋತಿ ಬಂದ್ರೂ ಗಾಜು ಇಳಿಸೋ ಹಂಗಿಲ್ಲ, ತಿಂಡಿ ಎಸೆಯೋ ಹಂಗಿಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡೂ 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಅಲ್ಲೂ ಇದೇ ಮಾತು.

ಹಿಂದಿನ ಸೀಟಲ್ಲಿ ಕೂಸಿನ ಪಕ್ಕ ನಾನು ಕೂತಿದ್ದಿ. ಬಟ್ಟೆ ಚೀಲದಲ್ಲಿ ಐದು ಸಾಮಾನು ಮಡಿಕಂಡಿದ್ದಿ: ಚನ್ನಪಟ್ಟಣದ ಅರಗಿನ ಗಿಲಕಿ, ಒಂದು ಕರವಸ್ತ್ರ, ಮುಚ್ಚಳ ಇರೋ ಸ್ಟೀಲ್ ಡಬ್ಬಿ, ದಪ್ಪ ಹಾಳೆಯ ಒಂದು ಪುಸ್ತಕ, ಬಟ್ಟೆ ಗೊಂಬೆ. ಐದನ್ನೂ ಒಟ್ಟಿಗ ಕೊಟ್ರ ಐದು ನಿಮಿಷಕ್ಕ ಮುಗಿದೋಯ್ತದ. ಒಂದು ಬೇಜಾರಾದ ಮ್ಯಾಲ ಅದ ಒಳಕ್ಕ ಹಾಕಿ ಇನ್ನೊಂದ ತೆಗೀಬೇಕು. ಡಬ್ಬಿ ಮುಚ್ಚಳ ತೆಗೆಯೋದು ಹಾಕೋದರಲ್ಲೇ ಮಧುವನಹಳ್ಳಿ ದಾಟ್ತು. ಆಮ್ಯಾಕ ಎಮ್ಮೆ ಕಂಡ್ರ ಎಮ್ಮೆ ಅನ್ನು, ಕೆಂಪು ಬಸ್ಸು ಕಂಡ್ರ ಟಾಟಾ ಮಾಡು. ಹಂಗೇ ಕಾಮಗೆರೆ ದಾಟ್ತು. ಒಂದು ಕಡೆ ಜೋರಾಗಿ ಅತ್ಲು, ಏನ್ ಮಾಡಿದ್ರೂ ನಿಲ್ಲಿಸ್ಲಿಲ್ಲ. ಮಗ ರೋಡ್ ಪಕ್ಕ ಜಾಗ ನೋಡಿ ಕಾರು ನಿಲ್ಲಿಸ್ದ. ಹುಣಸೆ ಮರದಡಿ ಒಣಗಿದ ಎಲೆ ಆಯ್ಕಂಡು ಕಾಲ್ಗಂಟೆ ಆಡುದ್ಲು, ಆಮ್ಯಾಕ ತಾನೇ ಬಂದು ಸೀಟಲ್ಲಿ ಕೂತ್ಕಂಡ್ಲು. ಬೆಟ್ಟ ಸೇರೋದು ಒಂದು ಗಂಟೆ ತಡ ಆಯ್ತು. ಮಾದಪ್ಪ ಅಲ್ಲೇ ಇದ್ದ, ಎಲ್ಲೂ ಹೋಗಿರ್ಲಿಲ್ಲ. ವಾಪಸ್ ಬರುವಾಗ ಎಲ್ಲಾರೂ ಸುಸ್ತು. ಆಗ ಸೊಸೆ ಹದಿನೈದು ನಿಮಿಷ ಮೊಬೈಲ್ ಕೊಟ್ಲು. ನಾನು ಏನೂ ಅನ್ಲಿಲ್ಲ.

ಆನೆತಲೆದಿಂಬದ ಹತ್ರ ನಾನು ಹುಲಿ ಕತೆ ಶುರು ಮಾಡಿದ್ದಿ. ಅರ್ಧಕ್ಕ ನನಗೇ ಮರೆತೋಯ್ತು, ಕಾರಯ್ಯ ಬಿಲ್ಲಯ್ಯ ಎಲ್ಲಿ ಬತ್ತಾರ ಅಂತ. ನಮ್ಮಜ್ಜಿಗ ಗೊತ್ತಿತ್ತು, ಅವ್ವನಿಗ ಮುಕ್ಕಾಲು ಗೊತ್ತಿತ್ತು, ನನಗ ಅರ್ಧ ಗೊತ್ತು. ಹಿಂಗೇ ಆದ್ರ ನನ್ನ ಸೊಸೆಗ ಮೊಬೈಲ್ ಬುಟ್ಟು ಬೇರೇನಿರ್ತದ? ಅದಕ್ಕ ಕೇಳ್ತಿನಿ ಅಕ್ಕದಿರಾ. ನಿಮ್ಮ ನಿಮ್ಮ ಹಟ್ಟೀಲಿ ವಯಸ್ಸಾದೋರು ಇರೋವಾಗ್ಲೇ ಕೇಳಿ ಬರೆದಿಟ್ಕಳಿ. ಯಾವ ದಾರೀಲಿ ಯಾವ ಕತೆ ಹೇಳ್ತಿದ್ರು, ಎಲ್ಲಿ ಇಳಿಸಿ ಉಣ್ಣಿಸ್ತಿದ್ರು, ಏನ್ ಆಟ ಆಡಿಸ್ತಿದ್ರು ಅಂತ. ಯಳಂದೂರಿನೋರು ಬಳೆ ಮಂಟಪದ ಕತೆ ಬರೀರಿ, ಲೊಕ್ಕನಹಳ್ಳಿ ಕಡೆಯೋರು ನಿಮ್ಮ ಕಾಡುದಾರಿಯದ ಬರೀರಿ. ಕಾರಯ್ಯ ಬಿಲ್ಲಯ್ಯರ ಕತೆ ಪೂರ್ತಿ ಗೊತ್ತಿರೋರು ನನಗ ಒಂದು ಫೋನ್ ಮಾಡಿ. ದೀಪಾವಳಿ ಜಾತ್ರೆಗ ಮತ್ತ ಕೂಸ ಕರ್ಕಂಡು ಹೊಂಟಿವಿ, ಅಷ್ಟರೊಳಗ ಕಲ್ತ್ಕಬೇಕು.